ಕಾವಿ ಗೋಡೆ

ಶಂಭುಲಿಂಗ ವಿದೇಶ ಕಂಡದ್ದು ಸಿಮೆಂಟಿನ ದಯೆಯಿಂದ. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಆಚೀಚೆ ಅವನು ಕಟ್ಟಿಸದ ಮನೆ ಕಡಿಮೆ. ಆ ವರ್ಷ ಹೆಚ್ಚು ಸಿಮೆಂಟ್ ಬಳಸಿದ ಕಂತ್ರಾಟುದಾರರನ್ನು ಕಂಪನಿಯವರು ಪ್ರವಾಸಕ್ಕೆ ಕಳಿಸುವವರಿದ್ದರು. ಪ್ರತಿ ಸಲ ಬ್ಯಾಂಕಾಕ್ ಆಗುತ್ತಿತ್ತು, ಆ ಸಲ ಯುರೋಪಿನ ಮೂರು ಊರು ಎಂದಾಯಿತು. ಹೆಂಡತಿ ದೇವಕ್ಕ ಕಟಕಲು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ಅಲ್ಲಿ ಹೋಗಿನೂ ಗ್ವಾಡಿ ನೋಡ್ಕೋತ ನಿಂದ್ರಬ್ಯಾಡ್ರಿ" ಎಂದು ಹೇಳಿ ಕಳಿಸಿದಳು.

ಅವಳ ಮಾತು ಅವನು ನಡೆಸಲಿಲ್ಲ. ವಿಯೆನ್ನಾದಲ್ಲಿ ಉಳಿದವರು ಅರಮನೆಯೆದುರು ಫೋಟೋ ತೆಗೆಸಿಕೊಳ್ಳುವಾಗ ಇವನು ಮಳೆನೀರಿನ ಕೊಳವೆ ಎಲ್ಲಿ ಇಳಿಸಿದ್ದಾರೆ ಎಂದು ಹುಡುಕುತ್ತ ಕಟ್ಟಡದ ಹಿಂದೆ ಹೋದ. ಬುಡಾಪೆಸ್ಟಿನಲ್ಲಿ ಒಂದು ಕಮಾನಿನ ಕಲ್ಲುಗಳನ್ನು ಎಣಿಸಿದ. ಚಂದವೆನಿಸಿತು. ಆದರೆ ಅದು ಬೇರೆ ಯಾರದೋ ಮನೆಯ ಮದುವೆ ನೋಡಿದ ಹಾಗಿತ್ತು.

ಮೂರನೆಯದು ಪ್ರಾಗ್. ಕೋಟೆಯ ಮುಂದಿನ ದೊಡ್ಡ ಚೌಕದಲ್ಲಿ ಬಸ್ಸಿನಿಂದ ಇಳಿಸಿ, ತಂಡದ ಉಸ್ತುವಾರಿ ತನುಜಾ ಅರ್ಧ ಗಂಟೆ ಸಮಯ ಕೊಟ್ಟಳು. ಹುಬ್ಬಳ್ಳಿಯ ಹುಡುಗಿ, ಎಲ್ಲರನ್ನೂ ಕಾಕಾ ಎನ್ನುತ್ತಿದ್ದಳು. ಚೌಕದ ಒಂದು ಬದಿಗೆ ಕಪ್ಪು ಬಿಳುಪಿನ ಅರಮನೆಯೊಂದು ನಿಂತಿತ್ತು. ಅದರ ಗೋಡೆಯ ತುಂಬ ಮೊನೆ ಮಾಡಿದ ಕಲ್ಲುಗಳು ಹೊರಗೆ ಚಾಚಿಕೊಂಡ ಹಾಗೆ ಕಾಣುತ್ತಿದ್ದವು. ಇಷ್ಟು ಕಲ್ಲನ್ನು ಒಂದೇ ಅಳತೆಗೆ ಕಡಿದವರು ಯಾರಪ್ಪ ಎಂದುಕೊಂಡು ಶಂಭುಲಿಂಗ ಹತ್ತಿರ ಹೋಗಿ ನೋಡಿದ. ಗೋಡೆ ಚಪ್ಪಟೆ. ಒಂದು ಕಲ್ಲೂ ಹೊರಗಿರಲಿಲ್ಲ. ಎಲ್ಲ ಗೀರಿದ ಚಿತ್ರ.

ಅವನು ಬಗ್ಗಿ ಒಂದು ಗೆರೆಯ ಅಂಚನ್ನು ನೋಡಿದ. ಕೆಳಗೆ ಕಪ್ಪು ಗಾರೆ, ಅದರ ಮೇಲೆ ತೆಳ್ಳಗೆ ಬಿಳಿ ಸುಣ್ಣ, ಹಸಿಯಿರುವಾಗಲೇ ಕಬ್ಬಿಣದ ಕಡ್ಡಿಯಿಂದ ಗೀರಿ ಕಪ್ಪನ್ನು ತೋರಿಸಿದ್ದು. ಅವನ ಅಪ್ಪ ಮಡಿವಾಳಪ್ಪ ಮಾಡುತ್ತಿದ್ದುದೂ ಇದೇ ಕೆಲಸ, ಬಣ್ಣ ಮಾತ್ರ ಬೇರೆ. ಅಪ್ಪನದು ಕೆಳಗೆ ಬಿಳಿ ಗಾರೆ, ಮೇಲೆ ಕೆಂಪು ಕಾವಿ. ಕೆಂಪನ್ನು ಗೀರಿದಲ್ಲಿ ಬಿಳಿ ಕಾಣುತ್ತಿತ್ತು.

ಪಕ್ಕದ ಓಣಿಯಲ್ಲಿ ಅಂಥದೇ ಒಂದು ಗೋಡೆಗೆ ಅಟ್ಟಣಿಗೆ ಕಟ್ಟಿದ್ದರು. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೆಳಗಿನ ಹಲಗೆಯ ಮೇಲೆ ಕೂತು, ಸಣ್ಣ ಕರಣೆಯಿಂದ ಬಿರುಕಿಗೆ ಸುಣ್ಣ ತುಂಬುತ್ತಿದ್ದಳು. ಶಂಭುಲಿಂಗ ಅಲ್ಲೇ ನಿಂತುಬಿಟ್ಟ. ಅವನನ್ನು ಹುಡುಕಿಕೊಂಡು ಬಂದ ತನುಜಾಳಿಗೆ ಹೇಳಿದ, "ತಂಗಿ, ಸುಣ್ಣ ಎಷ್ಟು ದಿನ ನೆನಿಹಾಕ್ತಾರ ಕೇಳು. ನಾವು ಬೆಲ್ಲದ ನೀರು ಹಾಕ್ತೇವಿ ಅಂತನೂ ಹೇಳು."

ತನುಜಾ ಇಂಗ್ಲಿಷಿನಲ್ಲಿ ಕೇಳಿದಳು. ಹೆಂಗಸು ಕರಣೆ ಕೆಳಗಿಟ್ಟು ಇವನ ಕಡೆ ತಿರುಗಿದಳು. ಮೊದಲು ನೋಡಿದ್ದು ಅವನ ಕೈಗಳನ್ನು.

"ಒಂದು ವರ್ಷಕ್ಕಿಂತ ಹೆಚ್ಚಂತ ಕಾಕಾ. ನಿಮ್ಮಲ್ಲಿ ಈ ಕೆಲಸ ಯಾರು ಮಾಡ್ತಾರ ಅಂತ ಕೇಳ್ತಾರ."

"ನಮ್ಮಪ್ಪ ಮಾಡ್ತಿದ್ದ. ಈಗ ಯಾರಿಲ್ಲ."

"ಅವರು ಮಾಡಿದ ಗ್ವಾಡಿ ಅದಾವೇನಂತ."

ಶಂಭುಲಿಂಗ ಗೋಡೆಯನ್ನೇ ನೋಡುತ್ತ ಹೇಳಿದ, "ಒಂದಿತ್ತು. ಬಿದ್ದು ಹೋತು."

ಹೆಂಗಸು ತನ್ನ ಭಾಷೆಯಲ್ಲಿ ಏನೋ ಅಂದು, ಎದೆಯ ಮೇಲೆ ಕೈಯಿಟ್ಟುಕೊಂಡಳು. ಸತ್ತವರ ಮನೆಗೆ ಬಂದವರು ಮಾಡುವ ಹಾಗೆ. ಶಂಭುಲಿಂಗನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಗೋಡೆ ಬಿದ್ದಿರಲಿಲ್ಲ. ಅದರ ಮೇಲಿನ ಗಾರೆ, ಕಾವಿ ಎಲ್ಲ ಅವನೇ ಕೆತ್ತಿ ತೆಗೆಸಿದ್ದ. ಇಪ್ಪತ್ತೆರಡು ವರ್ಷಗಳ ಹಿಂದೆ, ಸಿದ್ದಾಪುರದ ಕಡೆಯ ಹಳ್ಳಿಯೊಂದರ ದೇವಸ್ಥಾನದವರು ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಕೆಂದಿದ್ದರು. ಅದು ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಪ್ರಾಯದಲ್ಲಿ ಆ ಗೋಡೆಗೆ ಚಿತ್ರ ಗೀರಿದವನು ಅಪ್ಪನೆಂದು ಅವನಿಗೆ ಗೊತ್ತಿತ್ತು, ದೇವಸ್ಥಾನದವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಗಾರಿ ಗಟ್ಟಿ ಇತ್ತೇನಪಾ?"

"ಗಟ್ಟಿ ಇತ್ತು. ಕೆತ್ತಾಕ ಎರಡು ದಿನ ಹಿಡೀತು."

ಅಪ್ಪ ತಲೆಯಾಡಿಸಿ ಊಟಕ್ಕೆ ಎದ್ದಿದ್ದ. ತನ್ನ ಗಾರೆ ಗಟ್ಟಿಯಿತ್ತೆಂಬುದರಲ್ಲಿ ಅಪ್ಪನಿಗೊಂದು ಸಮಾಧಾನವೇ ಇದ್ದಂತಿತ್ತು. ಈಗ ಪ್ರಾಗಿನ ಬಸ್ಸಿನಲ್ಲಿ ಕೂತಾಗ ಆ ತಲೆಯಾಡಿಸಿದ್ದು ಕಣ್ಣಿಗೆ ಕಟ್ಟಿದಂತೆ ಬಂತು. ಪಕ್ಕದವನು ಹಂಚಿದ ಚಾಕಲೇಟು ಕೈಯಲ್ಲೇ ಕರಗಿತು.

ಊರಿಗೆ ಮರಳಿ ವಾರವಾದರೂ ಅವನು ಪ್ರವಾಸದ ಮಾತೆತ್ತಲಿಲ್ಲ. ದೇವಕ್ಕ ಕಾದು ಕಾದು ಕೇಳಿದಳು, "ಏನಾಗೇತಿ ನಿಮಗ? ಅಷ್ಟು ದೂರ ಹೋಗಿ ಬಂದು ಬಾಯಿಗೆ ಬೀಗ ಹಾಕ್ಕೊಂಡೀರಿ."

ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, "ಆ ಹೆಂಗಸಿಗೆ ಸುಳ್ಳು ಹೇಳಿದ್ದಕ್ಕ ಸಂಕಟ ಆಗೇತೋ, ಗ್ವಾಡಿ ಕೆತ್ತಿಸಿದ್ದಕ್ಕೋ?" ಎಂದಳು. ಅವನು ಮರುದಿನ ಬೆಳಿಗ್ಗೆ ಬೈಕ್ ತೆಗೆದು ಸಿದ್ದಾಪುರದ ದಾರಿ ಹಿಡಿದ.

ದೇವಸ್ಥಾನದ ಮೊಕ್ತೇಸರರು ಈಗಲೂ ಗಜಾನನ ಭಟ್ಟರೇ. ಎಪ್ಪತ್ತು ದಾಟಿತ್ತು. "ಎಂತ ಮಾರಾಯ, ಇಷ್ಟು ವರ್ಷದ ಮೇಲೆ ಈ ಬದಿಗೆ?" ಎಂದು ಬೆಲ್ಲ ನೀರು ಕೊಟ್ಟರು. ಶಂಭುಲಿಂಗ ಗೋಡೆ ಸುತ್ತಿ ನೋಡಿದ. ಅವನ ಸಿಮೆಂಟು ಅಲ್ಲಲ್ಲಿ ಉಬ್ಬಿ, ತಟ್ಟಿದರೆ ಟೊಳ್ಳು ಸದ್ದು ಮಾಡುತ್ತಿತ್ತು. ಹಿಂಬದಿಗೆ ಗೋಡೆಗೆ ತಾಗಿಸಿ ಕಟ್ಟಿದ ಸೌದೆಯ ಮಾಡು. ಆಗ ಮಾಡನ್ನು ಖಾಲಿ ಮಾಡುವ ಗೋಜು ಬೇಡವೆಂದು ಕೆಲಸದವರು ಅಷ್ಟು ಗೋಡೆಯನ್ನು ಬಿಟ್ಟದ್ದು ಅವನಿಗೆ ನೆನಪಿತ್ತು. ಭಟ್ಟರ ಅಪ್ಪಣೆ ಕೇಳಿ ಸೌದೆ ಸರಿಸಿದ. ಗೆದ್ದಲ ಮಣ್ಣು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿದ.

ಕೆಂಪು ಮೂಡಿತು. ಪಲ್ಲಕ್ಕಿ ಹೊತ್ತ ನಾಲ್ವರು. ಮೂವರು ಮುಂದೆ ನೋಡುತ್ತಿದ್ದರು, ನಾಲ್ಕನೆಯವನು ಹೆಗಲು ನೋಯುತ್ತದೆ ಎನ್ನುವ ಹಾಗೆ ಮುಖ ಕಿವುಚಿ ಈ ಕಡೆ ತಿರುಗಿದ್ದ.

ಭಟ್ಟರು ಕನ್ನಡಕ ಒರೆಸಿ ನೋಡಿದರು. "ಇದು ಇಲ್ಲಿ ಇದ್ದಿದ್ದೇ ನಂಗೆ ಗೊತ್ತಿಲ್ಲೆ. ಯಾರ ಕೈಕೆಲಸ?"

"ನಮ್ಮಪ್ಪಂದ್ರಿ. ಆ ಕಡೆ ಗ್ವಾಡಿನೂ ಅವಂದ."

ಭಟ್ಟರು ಸಿಮೆಂಟ್ ಗೋಡೆಯ ಕಡೆ ತಿರುಗಿದರು. "ಆಗ ನೀ ಒಂದು ಮಾತು ಹೇಳಿದ್ರೆ ನಾವು ಒಡೆಸ್ತಿದ್ವನಾ?"

"ನೀವು ಕೇಳಲಿಲ್ರಿ," ಎಂದ ಶಂಭುಲಿಂಗ. ಮತ್ತೆ ತಾನೇ ತಿದ್ದಿಕೊಂಡ. "ಕೇಳಿದ್ದರೂ ಹೇಳ್ತಿರಲಿಲ್ಲ. ನನಗ ಆ ಕೆಲಸ ಬೇಕಾಗಿತ್ತು."

ಇದನ್ನು ಅವನು ಯಾರ ಮುಂದೆಯೂ, ತನ್ನ ಮುಂದೆಯೂ ಹೇಳಿರಲಿಲ್ಲ. ಭಟ್ಟರು ಬೈಯಲಿಲ್ಲ. "ಒಡೆಸಿದ್ದು ನಾನು, ಒಡೆದಿದ್ದು ನೀನು. ಈಗ ಎಂತ ಮಾಡನ ಹೇಳು," ಎಂದರು.

ಮಾಡಿನ ಪಕ್ಕದ ಮೂರು ಅಡಿ ಗೋಡೆಯ ಸಿಮೆಂಟ್ ತೆಗೆಯಲು ಒಪ್ಪಿಗೆ ಸಿಕ್ಕಿತು. ಶಂಭುಲಿಂಗ ಒಂದು ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ. ಅಪ್ಪನ ಜೊತೆ ಹುಡುಗನಾಗಿದ್ದಾಗ ಬೆಲ್ಲದ ನೀರು ಹೊತ್ತದ್ದು ನೆನಪಿತ್ತು, ಅಳತೆ ನೆನಪಿರಲಿಲ್ಲ. ಮೊದಲ ಗಾರೆ ಮೂರೇ ದಿನಕ್ಕೆ ಬಿರಿಯಿತು. ಎರಡನೆಯದರ ಮೇಲೆ ಕಾವಿ ನಿಲ್ಲದೆ ಪುಡಿಯಾಗಿ ಉದುರಿತು. ತನುಜಾಳಿಗೆ ಫೋನ್ ಮಾಡಿ ಪ್ರಾಗಿನ ಗೈಡ್ ಮೂಲಕ ಆ ಹೆಂಗಸನ್ನು ಕೇಳಿಸಿದ. ಹಾಗೆಯೇ, ಗೋಡೆ ತಾನಾಗಿ ಬಿದ್ದದ್ದಲ್ಲವೆಂದೂ ಹೇಳಿಸಿದ. ಎಂಟು ದಿನದ ಮೇಲೆ ಉತ್ತರ ಬಂತು. ಅವಸರ ಮಾಡಬೇಡಿ, ಸುಣ್ಣ ಇನ್ನೂ ಹಳೆಯದಾಗಲಿ. ಗೋಡೆಯ ವಿಷಯಕ್ಕೆ ಅವಳು ಏನೂ ಹೇಳಿರಲಿಲ್ಲ.

ಅವನು ಕಾದ. ಆ ವರ್ಷ ಎರಡು ಮನೆಯ ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟ. ಚಳಿ ಹಿಡಿಯುವ ಹೊತ್ತಿಗೆ ಮಾಡಿದ ಗಾರೆ ಬಿರಿಯಲಿಲ್ಲ. ಕಾವಿ ಬಳಿದು, ನುಣ್ಣನೆಯ ಹೊಳೆಗಲ್ಲಿನಿಂದ ಉಜ್ಜಿ, ಹಸಿ ಆರುವ ಮುಂಚೆ ಒಂದು ಬಳ್ಳಿ ಗೀರಿದ. ಕಡ್ಡಿ ಆಳಕ್ಕಿಳಿದು ಎಲೆಗಳು ದಪ್ಪಗಾದವು, ಬಳ್ಳಿ ಎರಡು ಕಡೆ ಸೊಟ್ಟಗಾಯಿತು. ಅಪ್ಪನ ನಾಲ್ವರ ಪಕ್ಕದಲ್ಲಿ ಅದು ಶಾಲೆಯ ಮಕ್ಕಳು ಬರೆದಂತಿತ್ತು. ಭಟ್ಟರೂ ಹಾಗೆಯೇ ಅಂದರು.

"ಹೌದ್ರಿ," ಎಂದ ಶಂಭುಲಿಂಗ. "ಕೆರೆದು ತೆಗೀಲೇನು?"

"ತೆಗೆಯೋದು ಬೇಡ. ಇರ್ಲಿ. ಮುಂದಿನ ವರ್ಷ ಆ ದಕ್ಷಿಣದ ಗೋಡೆ ನೋಡನ."

ಅಷ್ಟು ಗೋಡೆಗೆ ಈ ಡ್ರಮ್ಮಿನ ಸುಣ್ಣ ಸಾಲುವುದಿಲ್ಲ, ಇನ್ನೊಂದು ತೊಟ್ಟಿ ಬೇಕು ಎಂದ ಶಂಭುಲಿಂಗ. ಭಟ್ಟರು ಹಿತ್ತಲಿಗೆ ಕರೆದೊಯ್ದು ತೊಟ್ಟಿಯಂಥ ಹಳೆಯ ಕಲ್ಲುಮರಿಗೆಯೊಂದನ್ನು ತೋರಿಸಿದರು. ಇಬ್ಬರೂ ಬಗ್ಗಿ ಅದರೊಳಗಿನ ತರಗೆಲೆ ಎತ್ತಿ ಹಾಕತೊಡಗಿದರು.