ಪಟ್ಟಿಯಲ್ಲಿ ಎರಡನೆಯವಳು

ಅಮೃತಹಳ್ಳಿಯ ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಎಲ್ಲವನ್ನೂ ಭಾಗ ಮಾಡಿಕೊಂಡಿದ್ದರು. ಅಡುಗೆಮನೆ, ಗ್ಯಾಸು, ಕರೆಂಟಿನ ಮೀಟರು, ಕೊನೆಗೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಜಾಗವೂ ಬೇರೆ ಬೇರೆ. ಭಾಗವಾಗದೆ ಉಳಿದದ್ದು ನೀರಿನ ಸಂಪು, ಇಂಟರ್ನೆಟ್ಟು ಮತ್ತು ಅಮ್ಮ. ಸಂಪು ಮತ್ತು ಅಮ್ಮ ನೆಲಮಹಡಿಯಲ್ಲಿದ್ದರು. ಇಂಟರ್ನೆಟ್ಟಿನ ಡಬ್ಬಿ, ಅಂದರೆ ರೌಟರು, ನಡುವಿನ ಮಹಡಿಯಲ್ಲಿ ಅಣ್ಣ ಮುನಿರಾಜುವಿನ ಗೋಡೆಗೆ ಅಂಟಿಕೊಂಡಿತ್ತು. ಅದರ ಪಾಸ್‌ವರ್ಡು ಮುನಿರಾಜುವಿನ ತಲೆಯೊಳಗಿತ್ತು, ಅಲ್ಲಿಂದ ಅದನ್ನು ಹೊರಗೆ ತೆಗೆಸುವುದು ಯಾರಿಂದಲೂ ಆಗಿರಲಿಲ್ಲ.

ಮೇಲಿನ ಮಹಡಿಯಲ್ಲಿ ತಮ್ಮ ಮಹೇಂದ್ರನ ಹೆಂಡತಿ ರಾಧಾಮಣಿಗೆ ಆ ಭಾನುವಾರ ಬೆಳಗಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಎರಡು ಸಾವಿರದ ಹದಿನೆಂಟರ ಮೇ ತಿಂಗಳ ಕೊನೆಯ ಭಾನುವಾರ ಅದು. ಸಂಜೆ ನಾಲ್ಕಕ್ಕೆ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು, ಬೇರೆ ಬೇರೆ ಊರಿನ ಎಂಟು ಮಕ್ಕಳಿಗೆ ನಲವತ್ತು ನಿಮಿಷ ಗಣಿತದ ಪಾಠ ಮಾಡಬೇಕಿತ್ತು. ಪಾಠ ಚೆನ್ನಾಗಿ ಆದರೆ ಆನ್‌ಲೈನ್ ಟ್ಯೂಷನ್ ಕಂಪನಿಯಲ್ಲಿ ಕೆಲಸ. ಆಗದಿದ್ದರೆ ಏನೂ ಇಲ್ಲ.

ಏಕೆಂದರೆ ಇದು ಎರಡನೇ ಸಲ. ಎರಡು ವಾರದ ಹಿಂದೆ ಮೊದಲ ಪಾಠದ ಹನ್ನೆರಡನೇ ನಿಮಿಷಕ್ಕೆ ನೆಟ್ ಕೈಕೊಟ್ಟು, ಅವಳ ಮುಖ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತ್ತು. ಮೊಬೈಲಿನ ನೆಟ್ಟಂತೂ ಆ ಮನೆಯಲ್ಲಿ ವಿಡಿಯೋಗೆ ಸಾಲುತ್ತಿರಲಿಲ್ಲ. ಪಾಠ ನೋಡುತ್ತಿದ್ದ ಫಖ್ರುನ್ನೀಸಾ ಮೇಡಂ ಮಾರನೇ ದಿನ ಫೋನು ಮಾಡಿ, "ನಿಮ್ಮ ಪಾಠ ನಂಗಿಷ್ಟ ಆಯ್ತು. ಆದ್ರೆ ನೆಟ್ ನಿಲ್ಲದೇ ಇರೋರನ್ನ ತಗೊಳ್ಳೋಕಾಗಲ್ಲ ಕಣ್ರೀ. ಇನ್ನೊಂದೇ ಒಂದ್ ಚಾನ್ಸ್ ಕೊಡಿಸ್ತೀನಿ" ಎಂದಿದ್ದರು.

ರಾಧಾಮಣಿಗೆ ಕೆಲಸ ಬೇಕಾಗಿದ್ದದ್ದು ಹೊಟ್ಟೆಪಾಡಿಗಲ್ಲ. ಒಂಬತ್ತು ವರ್ಷದ ಹಿಂದೆ ಅವಳು ಸಹಕಾರನಗರದ ಒಂದು ಶಾಲೆಯಲ್ಲಿ ಗಣಿತದ ಮೇಡಂ ಆಗಿದ್ದಳು. ಮಗಳು ಬಿಂದುಶ್ರೀ ಹುಟ್ಟಿದಾಗ ಅತ್ತೆ ದೊಡ್ಡಮುನಿಯಮ್ಮ ಬಾಣಂತಿಯ ಮಂಚದ ಪಕ್ಕ ನಿಂತು, "ಮನೆ ಮೊದ್ಲು ಕಣವ್ವ. ಇಸ್ಕೂಲು ಎಲ್ಲಿಗ್ ಓಗ್ತದೆ, ಆಮೇಲ್ ನೋಡ್ಕೊಂಡ್ರಾಯ್ತು" ಎಂದರು. ಜಗಳವಿಲ್ಲ, ಕೂಗಾಟವಿಲ್ಲ, ಒಂದೇ ಮಾತು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎರಡನೇ ಮಾತಿರಲಿಲ್ಲ. ಆ 'ಆಮೇಲೆ' ಮಾತ್ರ ಬರಲೇ ಇಲ್ಲ. ರಾಧಾಮಣಿ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಆದರೆ ಅವತ್ತಿನಿಂದ ಅತ್ತೆಯ ಹತ್ತಿರ ಏನನ್ನೂ ಕೇಳಲೂ ಇಲ್ಲ.

ಶನಿವಾರ ಅವಳು ಭಾವನ ಬಳಿ ಹೋಗಿದ್ದಳು. ಮುನಿರಾಜು ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್. ಆಳೆತ್ತರದ ಕಬ್ಬಿಣದ ಕೀಲಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ಬೀದಿ ಬೀದಿ ತಿರುಗುವ ಮನುಷ್ಯ. ಯಾವ ಬೀದಿಗೆ ಯಾವತ್ತು, ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಯಲ್ಲಿತ್ತು. ಹಾಗಾಗಿ ಆಸುಪಾಸಿನ ಹೆಂಗಸರೆಲ್ಲ ಅವನಿಗೆ ನಮಸ್ಕಾರ ಹಾಕುತ್ತಿದ್ದರು, ಅವನಿಗೂ ಅದು ಸ್ವಲ್ಪ ತಲೆಗೇರಿತ್ತು.

"ಭಾವ, ಯಾರ ಮಿಷಿನ್ನಿಗೆ ನೆಟ್ ಮೊದ್ಲು ಹೋಗ್ಬೇಕು ಅಂತ ರೌಟರಲ್ಲೇ ಸೆಟ್ ಮಾಡಬಹುದಂತೆ. ನಾಳೆ ಒಂದು ಗಂಟೆ ಮಟ್ಟಿಗೆ ನನ್ ಲ್ಯಾಪ್‌ಟಾಪನ್ನ ಮೊದ್ಲು ಹಾಕ್ತೀರಾ?"

"ನಂಗೆ ಗೊತ್ತಿಲ್ವೇನಮ್ಮ? ಇದೂ ವಾಲ್ವೇ ಕಣಮ್ಮ!" ಮುನಿರಾಜು ಹಿಗ್ಗಿಹೋದ. "ತಿಂಗ್ಳ ಜಿಬಿ ಎಲ್ಲಾ ಮುಗ್ದೋಗೈತೆ. ಈಗ ಬರ್ತಿರೋದು ಸಣ್ಣ ಧಾರೆ. ತಗ್ಗಲ್ಲಿರೋ ಮನೆಯವ್ರು ಎಳ್ಕೊಂಡ್ಬಿಟ್ರೆ ದಿಣ್ಣೆ ಮೇಲಿನ ನಲ್ಲೀಲಿ ಬರೀ ಗಾಳಿ. ಅದ್ಕೆ ತಗ್ಗಿಂದು ತಿರುವಿ ಮುಚ್ಚಿ, ದಿಣ್ಣೇದು ಬಿಡ್ಬೇಕು. ತಾಳು."

ಅವನು ತನ್ನ ಲ್ಯಾಪ್‌ಟಾಪು ತೆರೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪಾಸ್‌ವರ್ಡನ್ನು ಕೈಮರೆ ಮಾಡಿ ಒತ್ತಿದ. ಮನೆಯ ಫೋನು, ಟೀವಿ, ಟ್ಯಾಬುಗಳೆಲ್ಲ ಅರ್ಥವಾಗದ ಅಕ್ಷರ, ಅಂಕಿಗಳ ವೇಷ ಹಾಕಿಕೊಂಡು ಪಟ್ಟಿಯಲ್ಲಿ ನಿಂತಿದ್ದವು. ಒಂದೊಂದನ್ನೂ ಗುರುತು ಹಿಡಿದು, ಮೇಲೆ ಕೆಳಗೆ ಸರಿಸಿದ. ಒಂದು ಕಡೆ ಬಹಳ ಹೊತ್ತು ಕೈ ನಿಂತಿತು. ರಾಧಾಮಣಿ ನಿಂತಲ್ಲಿಂದ ಪರದೆ ಕಾಣುತ್ತಿರಲಿಲ್ಲ.

"ಆಯ್ತು, ಹೋಗು. ಧೈರ್ಯವಾಗಿ ಪಾಠ ಮಾಡು."

"ನಂದೇ ಮೊದ್ಲಲ್ವಾ ಭಾವ?"

"ಹಾಕಿದೀನಿ ಅಂದ್ನಲ್ಲಮ್ಮ."

ಭಾವನನ್ನು ಮೂರನೇ ಸಲ ಕೇಳುವುದು ಆ ಮನೆಯ ಸೊಸೆಯರಿಗೆ ಅಭ್ಯಾಸವಿಲ್ಲ. ಅವಳು ಬಂದುಬಿಟ್ಟಳು. ಆದರೆ ರಾತ್ರಿಯೆಲ್ಲ ಆ ನಿಂತ ಕೈ ಅವಳ ಕಣ್ಣಿಗೆ ಕಟ್ಟಿತ್ತು.

ಭಾನುವಾರ ಮೂರೂವರೆಗೆ ಅವಳು ಎಲ್ಲ ಬಂದೋಬಸ್ತು ಮಾಡಿದಳು. ಮಹೇಂದ್ರ ಮಗಳನ್ನು ಕರೆದುಕೊಂಡು ಜಕ್ಕೂರು ಕೆರೆಗೆ ಹೊರಟ, ತನ್ನ ಫೋನಿನದೂ ಅವಳ ಫೋನಿನದೂ ವೈಫೈಯನ್ನು ಆರಿಸಿ ಅವಳಿಗೆ ತೋರಿಸಿಯೇ ಹೋದ. ನಡುಮಹಡಿಯ ಓರಗಿತ್ತಿ ಟೀವಿ ಬಂದ್ ಮಾಡಿ ತವರಿನವರನ್ನು ನೋಡಲು ಶೆಟ್ಟಿಹಳ್ಳಿಗೆ ಹೋಗಿದ್ದಳು. ಭಾವ ನೀರು ಬಿಡಲು ಹೋಗಿದ್ದ. ಉಳಿದದ್ದು ಅತ್ತೆ ಒಬ್ಬರೇ. ಅತ್ತೆಗೆ ಹೇಳಬೇಕಿತ್ತು. ಎರಡು ಸಲ ಮೆಟ್ಟಿಲಿಳಿದು, ಎರಡು ಸಲವೂ ಅರ್ಧಕ್ಕೇ ತಿರುಗಿ ಬಂದಳು. ಹೇಗೂ ಐದರವರೆಗೆ ಮಲಗಿರುತ್ತಾರೆ, ಯಾಕೆ ಕೇಳಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಕೆಲಸಕ್ಕೆ ಅಂತ ತಿಳಿದರೆ ಅತ್ತೆ ಮತ್ತೊಂದು ಮಾತು ಆಡಿಬಿಟ್ಟರೆ?

ನಾಲ್ಕಕ್ಕೆ ಎಂಟು ಪುಟ್ಟ ಮುಖಗಳು ಮೂಡಿದವು. ಮೂಲೆಯ ಚೌಕದಲ್ಲಿ ಫಖ್ರುನ್ನೀಸಾ ಮೇಡಂ. ಪಾಠ ಭಿನ್ನರಾಶಿ. ಐದು ನಿಮಿಷವಾಯಿತು, ಹತ್ತಾಯಿತು. ಹನ್ನೆರಡು ದಾಟಿದಾಗ ಅವಳಿಗೆ ಜೀವ ಬಂದ ಹಾಗಾಯಿತು. ಒಂಬತ್ತು ವರ್ಷ ಎಲ್ಲೋ ಅವಿತಿದ್ದ ಮೇಡಮ್ಮಿನ ದನಿ ತಾನಾಗಿಯೇ ಗಂಟಲಿಗೆ ಬಂದಿತ್ತು.

ಹದಿನಾಲ್ಕನೇ ನಿಮಿಷಕ್ಕೆ ಒಬ್ಬ ಹುಡುಗನ ಮುಖ ಒಡೆದು ಚೂರಾಯಿತು. ಆಮೇಲೆ ಪಕ್ಕದ ಹುಡುಗಿಯದು. "ಮಿಸ್, ಕೇಳಿಸ್ತಿಲ್ಲ" ಎಂಬ ಮಾತು ಅರ್ಧ ಬಂತು, ಅರ್ಧ ಬರಲಿಲ್ಲ. ಪರದೆಯ ನಡುವೆ ಬಿಳಿ ಉಂಗುರವೊಂದು ಗಿರಗಿರ ತಿರುಗತೊಡಗಿತು. ಅದರ ಕೆಳಗೆ ಮೇಡಂ ಬರೆದ ಸಾಲು: 'ಐದು ನಿಮಿಷ ಕಾಯುತ್ತೇನೆ.'

ರಾಧಾಮಣಿ ಫೋನೆತ್ತಿ ಭಾವನಿಗೆ ಒತ್ತಿದಳು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದಾಗ ಹಿಂದೆ ನೀರು ಭೋರೆನ್ನುವ ಸದ್ದು.

"ಭಾವ, ನೆಟ್ ಹೋಯ್ತು! ನಂದು ಮೊದ್ಲು ಹಾಕಿದೀನಿ ಅಂದ್ರಲ್ಲ?"

"ಎರಡನೇದು ಹಾಕಿದೀನಿ ಕಣಮ್ಮ. ಮೊದಲ್ನೇದು ಅಮ್ಮನ ಟ್ಯಾಬು. ಅಮ್ಮನ್ನ ಕೆಳಗಿಳಿಸೋಕೆ ಕೈ ಬರ್ಲಿಲ್ಲ. ನೀನೇ ಹೇಳು, ಯಾವತ್ತಾದ್ರೂ ಅಮ್ಮಂಗೆ ಆಮೇಲೆ ಅಂತ ಮಾಡಿದೀವಾ? ಮಲ್ಗಿರ್ತಾಳೆ ಅನ್ಕೊಂಡೆ..."

ಅದೇನೋ ನಿಜವೇ. ಆ ಮನೆಗೆ ಹೊಸದಾಗಿ ಬಂದದ್ದೆಲ್ಲ ಮೊದಲು ಅಮ್ಮನ ಕೈಗೆ ಹೋಗಬೇಕು. ವರ್ಷದ ಮೊದಲ ಮಾವಿನಹಣ್ಣು, ಹೊಸ ಕಾರಿನ ಮುಂದಿನ ಸೀಟು, ಹೊಸ ಪಾತ್ರೆಯಲ್ಲಿ ಉಕ್ಕಿದ ಮೊದಲ ಹಾಲು. ನೀರಿನ ವಿಷಯದಲ್ಲಿ ಊರಿಗೆಲ್ಲ ನ್ಯಾಯ ಹೇಳುವ ಮುನಿರಾಜು ತಾಯಿಯ ಹೆಸರು ಬಂದಲ್ಲಿ ಕೀಲಿ ಕೆಳಗಿಟ್ಟಿದ್ದ. ರಾಧಾಮಣಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಅಳುವುದಕ್ಕೆ ಮಾತ್ರ ಹೊತ್ತಿರಲಿಲ್ಲ, ನಾಲ್ಕು ನಿಮಿಷ ಉಳಿದಿತ್ತು. ಬರಿಗಾಲಿನಲ್ಲೇ ಮೆಟ್ಟಿಲಿಳಿದು ಓಡಿದಳು.

ದೊಡ್ಡಮುನಿಯಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಸೆಖೆಗೆ ನಿದ್ದೆ ಬೇಗ ಹರಿದುಹೋಗಿತ್ತು. ಟ್ಯಾಬಿನಲ್ಲಿ ಪುಟ್ಟೇನಹಳ್ಳಿಯವರು ಆಡಿದ ಯಾವುದೋ ಪೌರಾಣಿಕ ನಾಟಕ. ಕಿರೀಟ ಹಾಕಿಕೊಂಡ ರಾಜ ಒಂದು ಚೂರೂ ತಡವರಿಸದೆ ಸೊಗಸಾಗಿ ಕಂದಪದ್ಯ ಹಾಡುತ್ತಿದ್ದ.

"ಯಾಕವ್ವ, ಇಂಗ್ಯಾಕೆ ಓಡ್ಬಂದೆ?"

ಒಂಬತ್ತು ವರ್ಷ ಕೇಳದಿದ್ದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. "ಅತ್ತೆ, ಅದನ್ನ ಸ್ವಲ್ಪ ನಿಲ್ಸಿ. ನಾನು ಮಕ್ಕಳಿಗೆ ಪಾಠ ಮಾಡ್ತಿದೀನಿ, ಕೆಲಸಕ್ಕೋಸ್ಕರ. ನೀವು ನೋಡ್ತಿದ್ರೆ ನಂಗೆ ನೆಟ್ ಬರಲ್ಲ. ಭಾವ ನಿಮ್ಮನ್ನ ಮೊದ್ಲು ಹಾಕಿದಾರೆ, ನನ್ನನ್ನ ಆಮೇಲೆ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಟ್ಯಾಬನ್ನು ನೋಡಿದರು. "ಅಂಗಾರೆ ಇದ್ರಲ್ಲಿ ಚೆನ್ನಾಗ್ ಬತ್ತದೆ ಅನ್ನು. ಇದ್ರಲ್ಲೇ ಪಾಟ ಮಾಡಕ್ಕಾಗಲ್ವಾ?"

ಆಗುತ್ತಿತ್ತು! ಅತ್ತೆಗೆ ಈಮೇಲ್ ಇಲ್ಲವೆಂದು ಆ ಟ್ಯಾಬಿಗೆ ಮಹೇಂದ್ರ ಹಾಕಿಕೊಟ್ಟದ್ದು ರಾಧಾಮಣಿಯ ಈಮೇಲನ್ನೇ. ಪಾಠದ ಲಿಂಕು ಅದರಲ್ಲಿಯೇ ಇತ್ತು. ಅದನ್ನು ಒತ್ತಿದಳು. ರಾಜ ಮಾಯವಾಗಿ ಎಂಟು ಮುಖಗಳು ಬಂದವು. ಆದರೆ ಬರೆಯುವುದೆಲ್ಲಿ? ಬೋರ್ಡು ಮೇಲಿನ ಮನೆಯಲ್ಲಿತ್ತು.

"ಆ ಕಡಪ ಕಲ್ಲಿನ್ ಮೇಲೆ ಬರಿ," ಎಂದರು ಅತ್ತೆ. ಮನೆ ಕಟ್ಟುವಾಗ ಅಡುಗೆಮನೆಗೆ ಹಾಕಿ ಉಳಿದಿದ್ದ ಕಪ್ಪು ಚಪ್ಪಡಿಯೊಂದು ವರ್ಷಗಳಿಂದ ಗೋಡೆಗೆ ಒರಗಿ ನಿಂತಿತ್ತು. ಕಿಟಕಿಯ ಮೇಲಿದ್ದ ರಂಗೋಲಿ ಸೀಮೆಸುಣ್ಣವನ್ನು ಸೊಸೆಯ ಕೈಗೆ ತುರುಕಿ, ಟ್ಯಾಬನ್ನು ತಾವೇ ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. "ಊಂ, ಏಳ್ಕೊಡು."

ರಾಧಾಮಣಿ ಹೇಳಿಕೊಟ್ಟಳು. ಪರದೆಯ ಹಿಂದೆ ಅತ್ತೆಯ ಮುಖ ಕಾಣುತ್ತಿತ್ತು, ಯಾವಾಗ ಹುಬ್ಬು ಗಂಟಿಕ್ಕುತ್ತದೋ ಎಂಬ ಭಯ. ಮೂರನೇ ಎರಡು ದೊಡ್ಡದೋ ನಾಲ್ಕನೇ ಮೂರು ದೊಡ್ಡದೋ ಎಂದು ಒಬ್ಬಳು ಹುಡುಗಿ ಕೇಳಿದಾಗ, ಕಲ್ಲಿನ ಮೇಲೆ ಒಂದೇ ಗಾತ್ರದ ಎರಡು ರಾಗಿಮುದ್ದೆ ಬರೆದಳು. ಒಂದನ್ನು ಮೂರು ಪಾಲು ಮಾಡಿ ಎರಡಕ್ಕೆ ಗೀಟು ಹಾಕಿದಳು, ಇನ್ನೊಂದನ್ನು ನಾಲ್ಕು ಪಾಲು ಮಾಡಿ ಮೂರಕ್ಕೆ. "ಯಾರ ತಟ್ಟೆಯಲ್ಲಿ ಜಾಸ್ತಿ ಮುದ್ದೆ ಇದೆ?"

"ನಾಕರಲ್ಲಿ ಮೂರು ತಗಂಡೋನ್ ತಟ್ಟೇಲೇಯಾ," ಎಂದಿತು ಪರದೆಯ ಹಿಂದಿನ ದನಿ. ಮಕ್ಕಳೆಲ್ಲ ಗೊಳ್ಳೆಂದರು. ಅತ್ತೆ ನಾಲಿಗೆ ಕಚ್ಚಿಕೊಂಡರು. ಅಲ್ಲಿಂದ ಮುಂದೆ ರಾಧಾಮಣಿಗೆ ಭಯ ನೆನಪಾಗಲಿಲ್ಲ.

ಅತ್ತೆಯ ಕೈ ಮಾತ್ರ ಸೋಲುತ್ತಿತ್ತು. ಎಪ್ಪತ್ತೆರಡರ ಕೈ, ಮೊಣಕೈ ಅದುರುವುದು ಕಾಣುತ್ತಿತ್ತು. ಸಾಕು, ದಿಂಬಿನ ಮೇಲಿಡಿ ಎಂದು ರಾಧಾಮಣಿ ಸನ್ನೆ ಮಾಡಿದರೆ, ಪಾಠ ನೋಡಿಕೋ ಎಂಬಂತೆ ಕಣ್ಣು ಬಿಟ್ಟರು. ಉಳಿದ ಇಪ್ಪತ್ತು ನಿಮಿಷವೂ ಅವರು ಟ್ಯಾಬನ್ನು ಇಳಿಸಲಿಲ್ಲ.

ಮಕ್ಕಳು ಹೋದ ಮೇಲೆ ಫಖ್ರುನ್ನೀಸಾ ಮೇಡಂ ಒಬ್ಬರೇ ಉಳಿದರು. "ದನಿ ಚೆನ್ನಾಗಿತ್ತು. ಆದ್ರೆ ಪಿಕ್ಚರ್ ತುಂಬಾ ಅಲ್ಲಾಡ್ತಿತ್ತು. ಯಾವ ಸ್ಟ್ಯಾಂಡ್ ಅದು?"

"ಸ್ಟ್ಯಾಂಡಲ್ಲ ಮೇಡಂ, ನಮ್ಮತ್ತೆ."

ಮೇಡಂ ನಕ್ಕರು. ಆಮೇಲೆ ಜೂನ್ ನಾಲ್ಕರ ಸೋಮವಾರದಿಂದ ಶುರು ಮಾಡಬಹುದೇ, ದಿನವೂ ಸಂಜೆ ನಾಲ್ಕರಿಂದ ಆರು ಎಂದು ಕೇಳಿದರು. ಆಗಬಹುದು ಎಂದಳು ರಾಧಾಮಣಿ. ಟ್ಯಾಬು ಆರಿದ ಮೇಲೆ ಅವಳು ಮಂಚದ ಕಾಲಿನ ಹತ್ತಿರ ಕುಸಿದು ಕೂತು ಚೆನ್ನಾಗಿ ಅತ್ತಳು. ಅತ್ತೆ ತಮ್ಮ ಮೊಣಕೈ ಒತ್ತಿಕೊಳ್ಳುತ್ತಾ ಕಲ್ಲಿನ ಮೇಲಿನ ಎರಡು ಮುದ್ದೆಗಳನ್ನು ನೋಡುತ್ತಿದ್ದರು.

ಮುನಿರಾಜು ಕೀಲಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದಾಗ ಮುಖ ಸಣ್ಣದಾಗಿತ್ತು. ತಮ್ಮನೂ ಬಿಂದುಶ್ರೀಯೂ ಆಗಲೇ ಬಂದಿದ್ದರು. ಯಾರೂ ಬೈಯದೇ ಇದ್ದದ್ದು ಅವನಿಗೆ ಇನ್ನೂ ಕಷ್ಟವಾಯಿತು.

"ಲ್ಯಾಪ್‌ಟಾಪ್ ತಗಂಬಾ," ಎಂದರು ದೊಡ್ಡಮುನಿಯಮ್ಮ ಅವನಿಗೆ. "ಆ ಪಟ್ಟೀಲಿ ಅವಳ್ನ ಮೊದ್ಲು ಆಕು."

ಅವನು ತಾಯಿಯ ಎದುರೇ ಕೂತು ಪಾಸ್‌ವರ್ಡು ಒತ್ತಿದ, ಈ ಸಲ ಕೈಮರೆ ಮಾಡಲಿಲ್ಲ. ರಾಧಾಮಣಿಯ ಸಾಲನ್ನು ಮೇಲಕ್ಕೆ ಎಳೆದ. 'ಸೇವ್' ಗುಂಡಿಯ ಹತ್ತಿರ ಬಂದು ಬೆರಳು ಮತ್ತೆ ನಿಂತಿತು.

"ಅಮ್ಮ, ಒತ್ತಿದ್ರೆ ನೀನು ಎರಡನೇದಾಗ್ತೀಯಾ."

"ಒತ್ತೋ," ಎಂದರು ದೊಡ್ಡಮುನಿಯಮ್ಮ. "ಒಂಬತ್ ವರ್ಸ ಅವಳು ಅಂಗೇ ಇದ್ಲಲ್ಲ."