ದಮ್ಮಿಗೆ ಹೊಗೆಯ ಮದ್ದು

ದಮ್ಮು ಹೆಚ್ಚಾಗಿ ಏದುಸಿರು ಬಿಡುತ್ತ ಬಂದ ಚಮನಬಿಯ ಸೆರಗಿನಿಂದ ಬೀಡಿಯ ಘಾಟು ಹೊಡೆಯುತ್ತಿತ್ತು. ಅಫಜಲಪುರದ ದವಾಖಾನೆಯಲ್ಲಿ ಕೂತಿದ್ದ ಡಾಕ್ಟರ್ ಶಮ್ಸುನ್ನಿಸಾ ಸ್ಟೆತಸ್ಕೋಪು ಕಿವಿಗೇರಿಸುವ ಮೊದಲೇ ಗದರಿದರು.

“ಈ ವಯಸ್ಸಿನ್ಯಾಗ ಬೀಡಿ ಹಿಡದೀರೇನು ಖಾಲಾ?”

“ನೀವೇ ಬರದೀರಂತಲ್ಲ ಬೇಟಿ, ದಮ್ಮಿಗಿ ಹೊಗಿ ಚೊಲೋ ಅಂತ. ಬಸ್‌ಸ್ಟ್ಯಾಂಡಿನ ನಾಗಣ್ಣ ಬೋರ್ಡೇ ಹಾಕ್ಯಾನ.”

ಶಮ್ಸುನ್ನಿಸಾ ಕಿಣ್ಣಿ ಸುಲ್ತಾನವೆಂಬ ಹಳ್ಳಿಯವರು. ಹೈದರಾಬಾದಿನಲ್ಲಿ ಓದಿ, ಶ್ವಾಸಕೋಶದ ತಜ್ಞೆಯಾಗಿ ಬಂದು ಆಳಂದದಲ್ಲಿ ದವಾಖಾನೆ ತೆರೆದಿದ್ದರು. ವಾರಕ್ಕೊಂದು ದಿನ ಅಫಜಲಪುರ, ಒಂದು ದಿನ ಜೇವರ್ಗಿ. ಮೂರೂ ತಾಲೂಕಿನ ಕೆಮ್ಮು ಅವರಿಗೆ ದನಿಯಿಂದಲೇ ಗುರುತು. ತೊಗರಿ ರಾಶಿಯ ಧೂಳಿನ ಕೆಮ್ಮು ಬೇರೆ, ಒಲೆಯ ಹೊಗೆಯ ಕೆಮ್ಮು ಬೇರೆ, ಅತ್ತೆ ಊರಿಂದ ಬಂದಳೆಂದರೆ ಸೊಸೆಗೆ ಹತ್ತುವ ಕೆಮ್ಮೇ ಬೇರೆ.

ಉಳಿದ ಹೊತ್ತೆಲ್ಲ ಅವರು ಉಸಿರಾಟದ ಕಾಯಿಲೆಗಳ ಚರಿತ್ರೆ ಬರೆದರು. ಬದುಕಿರುವ ವೈದ್ಯರ ತಪ್ಪು ಹೇಳಿದರೆ ಜಗಳ, ಸತ್ತವರದಾದರೆ ಸಂಶೋಧನೆ ಎನ್ನುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ ‘ಪುಸ್ತಕ ಮುಗೀಲಿ’ ಎಂದರು. ಪುಸ್ತಕ ಮುಗಿಯುವಷ್ಟರಲ್ಲಿ ಕೇಳುವವರೇ ಮುಗಿದಿದ್ದರು. ಕಲಬುರಗಿಯಲ್ಲಿ ಬಿಡುಗಡೆಯಾಯಿತು, ಬಂದವರು ಉಪ್ಪಿಟ್ಟು ತಿಂದು, ಪುಸ್ತಕವನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋದರು.

ಚಮನಬಿಗೆ ಔಷಧ ಕೊಟ್ಟು ಕಳಿಸಿ ಅವರು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದರು. ಬೀಡಿ, ಒಗ್ಗರಣೆ ಅವಲಕ್ಕಿಯ ಚುಡುವಾ ಮಾರುವ ನಾಗಣ್ಣನ ಅಂಗಡಿಯ ನೆತ್ತಿಯ ಮೇಲೆ ‘ದಮ್ಮಿಗೆ ಹೊಗೆಯೇ ಮದ್ದು’ ಎಂದಿತ್ತು. ಕೆಳಗೆ ಅವರ ಹೆಸರು, ಡಿಗ್ರಿ, ಪುಟದ ಸಂಖ್ಯೆ. ಸನ್ಮಾನಪತ್ರಗಳಲ್ಲೂ ಅವರ ಹೆಸರು ಇಷ್ಟು ತಪ್ಪಿಲ್ಲದೆ ಬಂದಿರಲಿಲ್ಲ.

“ಏನ್ರೀ ನಾಗಣ್ಣಾ ಇದು?”

“ಸುಳ್ಳೇನ್ರಿ ಡಾಕ್ಟರಬಾಯಿ? ರದ್ದಿಯಾಗ ನಿಮ್ಮ ಪುಸ್ತಕ ಬಂದಿತ್ತು. ಚುಡುವಾ ಕಟ್ಟಾಕ ಹರಿಯೋ ಮುಂದ ಓದೀನ್ರಿ.”

ಶಮ್ಸುನ್ನಿಸಾರಿಗೆ ಮೈಯೆಲ್ಲ ಉರಿಯಿತು. ಜೊತೆಗೇ, ಯಾರೋ ಒಬ್ಬರು ಅಷ್ಟು ದೂರ ಓದಿದರಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಆ ಖುಷಿಗೆ ತಮ್ಮ ಮೇಲೇ ಇನ್ನಷ್ಟು ಸಿಟ್ಟು ಬಂತು.

“ಹಿಂದಿನ ಡಾಕ್ಟರು ಹಂಗ ಮಾಡ್ತಿದ್ರು ಅಂತ ಬರದೇನ್ರಿ. ಅದೂ ತಂಬಾಕ ಅಲ್ಲ, ದತ್ತೂರಿ ಎಲಿ. ಅದೂ ವಿಷಾನೇ.”

“ಹೊಗಿ ಅಂದ್ರ ಹೊಗಿನೇ ಅಲ್ರಿ! ನನಗೂ ದಮ್ಮದ, ನಾನೂ ಸೇದ್ತೇನಿ. ಹಿರ್ಯಾರು ಮಾಡಿದ್ದು ಸುಳ್ಳಾಗಂಗಿಲ್ರಿ.” ಇಷ್ಟು ಹೇಳುವಷ್ಟರಲ್ಲಿ ಅವನು ಮೂರು ಸಲ ಕೆಮ್ಮಿದ.

“ಹೌದ್ರಿ? ಹಂಗಾರ ಹಿರ್ಯಾರ ಇಲಾಜು ಪೂರಾ ಮಾಡ್ತೇನಿ. ಕೂಡ್ರಿ.”

ಗೊಬ್ಬೂರ ಬಸ್ಸಿಗೆ ಕಾಯುತ್ತಿದ್ದವರು ಬಂದ ಬಸ್ಸನ್ನು ಬಿಟ್ಟು ಸುತ್ತ ನಿಂತರು. ಶಮ್ಸುನ್ನಿಸಾ ಅರ್ಧ ಹರಿದ ತಮ್ಮ ಪುಸ್ತಕವನ್ನು ಕೈಗೆತ್ತಿಕೊಂಡರು.

“ಮೊದಲ ತೋಳು ಕೊಯ್ದು ಒಂದು ತಂಬಿಗಿ ರಕ್ತ ತಗೀಬೇಕು. ಆಮ್ಯಾಲ ವಾಂತಿ. ಆಮ್ಯಾಲ ಭೇದಿ. ಎದಿಗಿ ಜಿಗಣಿ.”

ಅಂಗಡಿಯ ಹಿಂದಿನಿಂದ ನಾಗಣ್ಣನ ಹೆಂಡತಿ ಗಂಗಾಬಾಯಿ ಹೊರಬಂದಳು. “ಭೇದಿ ಗುಳಿಗಿ ಮನ್ಯಾಗೇ ಅದಾವ್ರಿ. ಜಿಗಣಿ ಭೀಮಾ ಹೊಳಿಯಿಂದ ತರಸ್ತೇನಿ, ಎಷ್ಟ ಬೇಕ್ರಿ?”

“ಸುಮ್ನಿರು ಬೇ!” ನಾಗಣ್ಣ ರೇಗಿದ.

“ಕಡೀಗಿ ನರಿ ಪುಪ್ಪುಸ,” ಶಮ್ಸುನ್ನಿಸಾ ಮುಂದುವರಿಸಿದರು. “ಒಣಗಿಸಿ, ಪುಡಿ ಮಾಡಿ, ಜೇನತುಪ್ಪದಾಗ ಕಲಿಸಿ ನೆಕ್ಕಬೇಕು.”

ನಾಗಣ್ಣನ ಕೈ ಕೊರಳ ಲಿಂಗಕ್ಕೆ ಹೋಯಿತು. “ಶಿವಶಿವಾ! ಇಭೂತಿ ಹಚ್ಚೋ ಮಂದಿಗಿ ನರಿ ತಿನಸ್ತೀರೇನ್ರಿ?”

“ನಾನಲ್ರಿ. ಹಿರ್ಯಾರು.”

ಜನ ಹೊಟ್ಟೆ ಹಿಡಿದು ನಕ್ಕರು. ನಾಗಣ್ಣನೂ ನಕ್ಕ. ಆದರೆ ಅವನ ನಗೆ ಕೆಮ್ಮಾಗಿ, ಕೆಮ್ಮು ನಿಲ್ಲದೆ, ತುಟಿ ನೀಲಿಗಟ್ಟತೊಡಗಿತು. ಶಮ್ಸುನ್ನಿಸಾ ಪುಸ್ತಕ ಎಸೆದು ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಚೀಲದಿಂದ ಇನ್‌ಹೇಲರ್ ತೆಗೆದು ಬಾಯಿಗಿಟ್ಟರು.

“ಉಸುರು ಹೊರಗ ಬಿಡ್ರಿ. ಹಾಂ, ಈಗ ಒಳಗ ಜಗ್ಗ್ರಿ. ತಡೀರಿ. ಇನ್ನೊಮ್ಮೆ.”

ಗಂಗಾಬಾಯಿ ಗಂಡನ ಬೆನ್ನು ನೀವುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅವನ ಎದೆ ಸಡಿಲಾಯಿತು. ಕಣ್ಣು ಒರೆಸಿಕೊಂಡು ಆ ಪುಟ್ಟ ಡಬ್ಬಿಯನ್ನು ತಿರುಗಿಸಿ ನೋಡಿದ.

“ಇದನ್ನ ಯಾರು ಕಂಡ ಹಿಡದ್ರು ಡಾಕ್ಟರಬಾಯಿ?”

“ಅದೂ ನನ್ನ ಪುಸ್ತಕದಾಗ ಅದರಿ. ಕಡೀ ಅಧ್ಯಾಯ. ಓದ್ರಿ.”

ನಾಗಣ್ಣ ತಲೆ ತಗ್ಗಿಸಿದ. “ಅದರಾಗ ಮುಂಜಾನೇನೇ ಚುಡುವಾ ಕಟ್ಟಿ ಕೊಟ್ಟೇನ್ರಿ.”

ಅಂದೇ ಸಂಜೆ ಗಂಗಾಬಾಯಿ ಬೋರ್ಡನ್ನು ಕಿತ್ತು ಸ್ನಾನದ ಒಲೆಗೆ ಹಾಕಿದಳು. ನಾಗಣ್ಣ ಬೀಡಿ ಮಾರುವುದನ್ನು ಬಿಡಲಿಲ್ಲ. ಸೇದುವುದನ್ನು ಮಾತ್ರ ಬಿಟ್ಟ, ಅದೂ ಹೆಂಡತಿ ಭೇದಿ ಗುಳಿಗೆಯ ಶೀಶೆಯನ್ನು ಗಲ್ಲಾದ ಪಕ್ಕದಲ್ಲೇ ತಂದಿಟ್ಟ ಮೇಲೆ.

ಶಮ್ಸುನ್ನಿಸಾ ತಮ್ಮ ಪ್ರಕಾಶಕರಿಗೆ ಫೋನು ಮಾಡಿ, ಎರಡನೇ ಮುದ್ರಣದಲ್ಲಿ ಪ್ರತಿ ಪುಟದ ಕೆಳಗೂ ‘ಇದನ್ನು ಮನೆಯಲ್ಲಿ ಮಾಡಬೇಡಿ’ ಎಂದು ಅಚ್ಚು ಹಾಕಿಸಬೇಕೆಂದರು. ಮೊದಲ ಮುದ್ರಣವೇ ಇನ್ನೂ ಗೋದಾಮಿನಲ್ಲಿ ಬಿದ್ದಿದೆ ಎಂದು ಪ್ರಕಾಶಕರು ಬಹಳ ಮರ್ಯಾದೆಯಿಂದ ತಿಳಿಸಿದರು.