ಕಾಫಿ ಸೇರದ ದಿನಗಳು

ಕುಶಾಲನಗರದ ಹೊರಗಿರುವ ಅನುಪಮಾ ಅವರ ಕಾಫಿ ಹುರಿಯುವ ಘಟಕದಲ್ಲಿ ಕುಸುಮಾಳ ಕೆಲಸವೆಂದರೆ ಕಾಫಿ ರುಚಿ ನೋಡುವುದು. ಬೆಳೆಗಾರರು ತಂದ ಬೀಜವನ್ನು ಒಂದು ಹಿಡಿ ಹುರಿದು, ಪುಡಿ ಮಾಡಿ, ಬಿಸಿನೀರು ಸುರಿದು, ಚಮಚದಲ್ಲಿ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ ಉಗುಳಬೇಕು. ಅವಳು ಚೆನ್ನಾಗಿದೆ ಅಂದರೆ ಅನುಪಮಾ ಆ ಬೀಜವನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಿದ್ದರು. ಕೊಡ್ಲಿಪೇಟೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿದ್ದವಳು. ಅವಳ ಮೂಗು ಚುರುಕಾಗಿದೆ ಎಂದು ಅನುಪಮಾ ಅವಳ ಕೈಗೆ ಚಮಚ ಕೊಟ್ಟಿದ್ದರು. ಈಗ ಬೆಂಗಳೂರಿನಲ್ಲಿ ನಡೆಯುವ ರುಚಿ ನೋಡುವವರ ತರಬೇತಿಗೂ ಅವಳ ಹೆಸರೇ ಹೋಗಿತ್ತು.

ಅಷ್ಟರಲ್ಲಿ ಅವಳು ಬಸುರಿಯಾದಳು. ಮದುವೆಯಾಗಿ ಬಹಳ ಕಾಲ ಕಾದಿದ್ದ ಸುದ್ದಿ. ಗಂಡ ಲೋಹಿತ್ ಗ್ಯಾರೇಜಿನಿಂದ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದಿದ್ದ. ಆ ಸಂತೋಷದ ಬೆನ್ನಿಗೇ ಒಂದು ಫಜೀತಿಯೂ ಬಂತು. ಕುಸುಮಾಳಿಗೆ ಕಾಫಿಯ ವಾಸನೆಯೇ ಆಗದಾಯಿತು. ಹುರಿಯುವ ಯಂತ್ರ ಶುರುವಾದರೆ ಸಾಕು, ಹೊಟ್ಟೆ ತೊಳಸಿಕೊಂಡು ಬರುತ್ತಿತ್ತು. ಕರವಸ್ತ್ರದಲ್ಲಿ ನಿಂಬೆ ಎಲೆ ಮುದುರಿ ಇಟ್ಟುಕೊಂಡು, ಆಗಾಗ ಮೂಗಿಗೆ ಹಿಡಿದು, ಹೇಗೋ ದಿನ ದೂಡುತ್ತಿದ್ದಳು.

"ಅನುಪಮಾ ಅಕ್ಕನಿಗೆ ಹೇಳಿಬಿಡು, ಅವರು ಅಂಥವರಲ್ಲ" ಅಂದ ಲೋಹಿತ್.

"ನನಗೂ ಗೊತ್ತು. ಆದರೂ ತರಬೇತಿ ಮುಗಿಯಲಿ."

ಅವಳ ಅಂಜಿಕೆಗೆ ಕಾರಣವಿತ್ತು. ಮದುವೆಗೆ ಮೊದಲು ಅವಳು ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಗೆಳತಿಯೊಬ್ಬಳಿಗೆ ಹೆರಿಗೆ ಮುಗಿಸಿಕೊಂಡು ಬಾ ಎಂದು ನಗುನಗುತ್ತಲೇ ಕಳಿಸಿದ್ದರು. ಕೂಸನ್ನು ತವರಲ್ಲಿ ಬಿಟ್ಟು ಆ ಗೆಳತಿ ವಾಪಸು ಬಂದಾಗ ಕೌಂಟರಿನಲ್ಲಿ ಬೇರೊಬ್ಬಳು ಸೀರೆ ಮಡಚುತ್ತಿದ್ದಳು.

ಒಂದು ದಿನ ಕೊಡ್ಲಿಪೇಟೆಯ ನಂಜಪ್ಪನವರ ಬೀಜದ ಮಾದರಿ ಬಂತು. ಕುಸುಮಾಳ ತವರಿನ ಕೇರಿಯವರು, ಚಿಕ್ಕಂದಿನಿಂದ ಎತ್ತಿ ಆಡಿಸಿದವರು. ಆ ವರ್ಷ ಮೊದಲ ಸಲ ಹಣ್ಣನ್ನು ಮಾತ್ರ ಆರಿಸಿ ಕೊಯ್ಯಿಸಿ, ಚಾಪೆಯ ಮೇಲೆ ಒಣಗಿಸಿದ್ದರು. ಕುಸುಮಾ ಉಸಿರು ಬಿಗಿಹಿಡಿದು ಚಮಚ ಎಳೆದಳು. ಬಾಯೆಲ್ಲ ಟೈರು ಸುಟ್ಟ ಹಾಗಾಯಿತು. "ಹೊಗೆ ಹಿಡಿದಿದೆ, ಬೇಡ" ಅಂದುಬಿಟ್ಟಳು. ಬೀಜ ಹುರಿಯುವ ಅಭಿಲಾಷ್ ಒಂದು ಗಳಿಗೆ ಅವಳ ಮುಖ ನೋಡಿದ. ಅವಳ ಮಾತನ್ನು ಯಾರೂ ಎರಡನೇ ಸಲ ಕೇಳುವ ರೂಢಿ ಅಲ್ಲಿರಲಿಲ್ಲ. ಅವನು ನಂಜಪ್ಪನವರಿಗೆ ಫೋನ್ ಮಾಡಿ ತಿಳಿಸಿದ.

ಮಾರನೆಯ ಬೆಳಿಗ್ಗೆ ಅನುಪಮಾ ತಮ್ಮ ಮನೆತೋಟದ ಕಾಫಿಯನ್ನು ಎಲ್ಲರಿಗೂ ಕೊಟ್ಟರು. ಕುಸುಮಾ ಅದನ್ನು ಎಷ್ಟೋ ಸಲ ಕುಡಿದು ಮೆಚ್ಚಿದ್ದಳು. ಈಗ ಅದೂ ಟೈರು ಸುಟ್ಟ ಹಾಗೇ ಇತ್ತು. ಲೋಟ ಕೆಳಗಿಟ್ಟಳು. ನಂಜಪ್ಪನವರ ಬೀಜದಲ್ಲಿ ಹೊಗೆ ಇರಲೇ ಇಲ್ಲ, ಕೆಟ್ಟಿದ್ದು ತನ್ನ ನಾಲಿಗೆ ಎಂದು ಹೊಳೆಯಿತು. ನೇರ ಅನುಪಮಾ ಅವರ ಕೋಣೆಗೆ ಹೋದಳು.

"ಅಕ್ಕಾ, ನಾನೊಂದು ತಪ್ಪು ಮಾಡಿದ್ದೀನಿ. ನಂಜಪ್ಪಣ್ಣನ ಬೀಜ ಚೆನ್ನಾಗೇ ಇರಬೇಕು. ನನಗೆ ಈಗ ಯಾವ ಕಾಫೀನೂ ಸೇರ್ತಿಲ್ಲ." ಸ್ವಲ್ಪ ತಡೆದು ಹೇಳಿದಳು, "ಮೂರು ತಿಂಗಳು."

ಅನುಪಮಾ ಮೊದಲು ಫೋನ್ ಎತ್ತಿಕೊಂಡರು. "ನಂಜಪ್ಪಣ್ಣ, ಬೀಜ ಯಾರಿಗೂ ಕೊಡಬೇಡಿ. ನಮ್ಮಿಂದ ತಪ್ಪಾಗಿದೆ, ಇನ್ನೊಮ್ಮೆ ನೋಡ್ತೀವಿ." ಆಮೇಲೆ ಕುರ್ಚಿ ಎಳೆದು ಕುಸುಮಾಳನ್ನು ಕೂರಿಸಿದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಜಾಗ ಹೋಗುತ್ತೇನೋ ಅಂತ."

ಅನುಪಮಾರಿಗೆ ಅದರಿಂದ ನೋವಾಯಿತು, ಮುಖದಲ್ಲೇ ಕಾಣುತ್ತಿತ್ತು. "ನಾನೂ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ ಬಿಡು" ಅಂದರು ನಿಧಾನಕ್ಕೆ. "ಹೇಳದೆ ನಿನಗೆ ಹೇಗೆ ಗೊತ್ತಾಗಬೇಕು? ಈಗ ಹೇಳು, ನಿನಗೆ ಏನು ಮಾಡೋಕೆ ಆಗುತ್ತೆ, ಏನು ಆಗಲ್ಲ?"

ಹೀಗೆ ಯಾರೂ ಅವಳನ್ನು ಕೇಳಿದ್ದಿಲ್ಲ. "ಹುರಿದ ವಾಸನೆ ಆಗಲ್ಲ. ಹಸಿ ಬೀಜ, ಹಣ್ಣು, ಅದೆಲ್ಲ ಏನೂ ಮಾಡಲ್ಲ" ಅಂದಳು.

ಆ ಮಧ್ಯಾಹ್ನ ಅನುಪಮಾ ಮತ್ತು ಅಭಿಲಾಷ್ ನಂಜಪ್ಪನವರ ಕಾಫಿಯ ರುಚಿ ನೋಡಿದರು. ಹೊಗೆಯ ಸುಳಿವೂ ಇರಲಿಲ್ಲ. ಸುದ್ದಿ ಕೇಳಿ ಸಂಜೆಗೇ ನಂಜಪ್ಪನವರು ಮೂಟೆ ಹೇರಿಕೊಂಡು ತಾವೇ ಬಂದರು. ಕುಸುಮಾ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದಳು.

"ನಿನ್ನೆ ರಾತ್ರಿ ಊಟ ಸೇರಲಿಲ್ಲ ಕಣವ್ವ, ಸುಳ್ಳು ಹೇಳಲ್ಲ" ಅಂದರು ಅವರು. "ಒಲೆ ಹೊಗೆ ತಾಗಿತೇನೋ ಅಂತ ಹೆಂಡತಿ ಮೇಲೂ ರೇಗಿಬಿಟ್ಟೆ. ಈಗ ಹೋಗಿ ಅವಳ ಹತ್ರ ಬೈಸ್ಕೋಬೇಕು." ಆಮೇಲೆ ಅವಳ ತಲೆ ಮುಟ್ಟಿ, "ನಿಮ್ಮಮ್ಮನಿಗೆ ಹೇಳಿದ್ಯಾ?" ಎಂದು ಕೇಳಿದರು.

ಮರುದಿನ ಹತ್ತು ಗಂಟೆಯ ಬಿಡುವಿನಲ್ಲಿ ಅನುಪಮಾ ಎಲ್ಲರನ್ನೂ ಕೂರಿಸಿದರು. ಬಸುರಿಯಾದವರಿಗೆ ಸಂಬಳದ ಸಮೇತ ರಜೆ, ವಾಪಸು ಬಂದಾಗ ಅದೇ ಜಾಗ ಎಂದು ಎಲ್ಲರೆದುರು ಹೇಳಿದರು. "ಬೇರೆ ಯಾರಿಗಾದರೂ ಏನಾದರೂ ತೊಂದರೆ ಇದ್ರೆ ಈಗಲೇ ಹೇಳಿ."

ಬೀಜ ಆರಿಸುವ ಕಾಂತಮ್ಮ ಗಂಟಲು ಸರಿಮಾಡಿಕೊಂಡರು. "ನನಗೆ ಈ ವಯಸ್ಸಲ್ಲಿ ಬಸುರಿನ ತೊಂದರೆ ಇಲ್ಲಮ್ಮ. ನೆಲದ ಮೇಲೆ ಕೂತು ಮಂಡಿ ಹೋಗಿದೆ." ಎಲ್ಲರೂ ನಕ್ಕರು. ಆ ವಾರವೇ ಎತ್ತರದ ಮೇಜು, ಬೆನ್ನು ಕೊಟ್ಟು ಕೂರುವ ಕುರ್ಚಿಗಳು ಬಂದವು. ಅಭಿಲಾಷ್ ತಾನು ಆಡುವ ಹಾಕಿ ಪಂದ್ಯಗಳಿರುವ ವಾರಗಳಲ್ಲಿ ಶನಿವಾರ ರಜೆ ಬೇಕೆಂದು ಕೇಳಿದ. ಬದಲಿಗೆ ಭಾನುವಾರ ಬರುವುದಾದರೆ ಸರಿ ಎಂದು ಅನುಪಮಾ ಒಪ್ಪಿದರು.

ಕುಸುಮಾಳ ತರಬೇತಿಯನ್ನು ಮುಂದಿನ ವರ್ಷಕ್ಕೆ ಹಾಕಿಸಿದರು. ಅಲ್ಲಿಯವರೆಗೆ ಅವಳಿಗೆ ಬೆಳೆಗಾರರ ಒಣಗಿಸುವ ಕಣಗಳಿಗೆ ಹೋಗಿ ನೋಡುವ ಕೆಲಸ. ಘಟಕದ ಜೀಪು ನಿಧಾನಕ್ಕೆ ಕರೆದೊಯ್ಯುತ್ತಿತ್ತು. ಮೊದಮೊದಲು ಇದು ಸಮಾಧಾನಕ್ಕೆ ಕೊಟ್ಟ ಕೆಲಸ ಎಂದೇ ಅವಳಿಗೆ ಅನ್ನಿಸಿತ್ತು. ಹೋಗುತ್ತ ಹೋಗುತ್ತ ಬೇರೆಯೇ ಲೋಕ ತೆರೆಯಿತು. ಲೋಟದಲ್ಲಿ ಹುಳಿ ಎಂದು ತಾನು ದೂರುತ್ತಿದ್ದುದು ಕಣದಲ್ಲಿ ಹಣ್ಣನ್ನು ದಪ್ಪಗೆ ಹರಡಿದ್ದರಿಂದ, ಮಣ್ಣಿನ ವಾಸನೆ ಎಂದದ್ದು ಇಬ್ಬನಿಯಲ್ಲಿ ಮುಚ್ಚದೆ ಬಿಟ್ಟಿದ್ದರಿಂದ. ಬೆಳೆಗಾರರಿಗೆ ಅದನ್ನೇ ಹೇಳಿಕೊಟ್ಟಳು. ಒಣಗಿಸುವುದರಲ್ಲಿ ಅವಳಿಗೆ ಗೊತ್ತಿಲ್ಲದ್ದನ್ನು ಅವರು ಹೇಳಿಕೊಟ್ಟರು. ಹೋದ ಮನೆಯಲ್ಲೆಲ್ಲ ಕಾಫಿಯ ಬದಲು ಮಜ್ಜಿಗೆ, ಜೊತೆಗೆ ಏನಾದರೊಂದು ತಿಂಡಿ.

ಹೆಣ್ಣು ಮಗು ಹುಟ್ಟಿತು. ರಜೆ ಮುಗಿಸಿ ಬಂದಾಗ ಅವಳ ಮೇಜು ಹಾಗೇ ಇತ್ತು. ಮೂಗೂ ನಾಲಿಗೆಯೂ ಮೊದಲಿನಂತಾಗಿದ್ದವು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ತರಬೇತಿಯನ್ನೂ ಮುಗಿಸಿ ಬಂದಳು.

"ಇನ್ನು ಒಳಗೆ ರುಚಿ ನೋಡೋ ಕೆಲಸಾನೇ ಮಾಡ್ತೀಯಾ?" ಅನುಪಮಾ ಕೇಳಿದರು.

"ಎರಡೂ ಕೊಡಿ ಅಕ್ಕಾ. ವಾರದಲ್ಲಿ ಅರ್ಧ ಒಳಗೆ, ಅರ್ಧ ಕಣದಲ್ಲಿ. ಮನೆಗೆ ಮಾತ್ರ ಐದಕ್ಕೆ ಹೊರಡಬೇಕು."

ಹೇಳಿಯಾದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಕೇಳುವಾಗ ಅಂಜಿಕೆಯೇ ಆಗಲಿಲ್ಲ.

"ಆಗಲಿ" ಅಂದರು ಅನುಪಮಾ. "ನಾಳೆ ಬಾಳೆಲೆ ಊರಿನ ಕಡೆ ಕಣಗಳಿಗೆ ಜೀಪು ಹೋಗುತ್ತೆ. ಬೇಗ ಬಂದುಬಿಡು."